ಹಕ್ಕರಿಕಿಯ ಕುಡಿ

ಹುಳಿ, ಹಸಿ ಕಡಲೆಗಿಡದ ಹುಳಿ ವಾಸನೆ, ಎಲ್ಲಿಂದ ಬಂತು ಇದು — ಮುಳಗುಂದದಲ್ಲಿ ಹತ್ತಿದ ಮುದುಕಿ ಸೀಟಿನ ಕೆಳಗೆ ತುರುಕುತ್ತಿರುವ ಗಂಟಿನಿಂದ, ಗಂಟಿನ ಬಾಯಲ್ಲಿ ಎಳೆ ಕುಡಿಗಳು ಇಣುಕುತ್ತಿವೆ, ಪಲ್ಯಕ್ಕೆಂದು ಮಾರಲು ಒಯ್ಯುತ್ತಿದ್ದಾಳೆ, ವರ್ಷದ ಅಷ್ಟೂ ದಿನ ಬಿಟ್ಟು ಇವತ್ತೇ ನನ್ನ ಬಸ್ಸಿಗೆ ಈ ಗಂಟು ಹತ್ತಬೇಕಿತ್ತೇ ಎಂದುಕೊಂಡ ಕಂಡಕ್ಟರ್ ಅಂಬರೀಶ, ಎಲ್ಲಿಗವ್ವಾ, ಲಕ್ಷ್ಮೇಶ್ವರಕ್ಕಪಾ, ಆಧಾರ ತೋರ್ಸು, ಐತಿ ತಡಿ, ಸೆರಗಿನ ಗಂಟು ಬಿಚ್ಚುವ ಆ ಬೆರಳುಗಳನ್ನು ನೋಡಿದ, ಹೆಬ್ಬೆರಳಿನ ಉಗುರು ಹಸಿರುಗಪ್ಪು, ತುದಿಯ ಚರ್ಮ ಹುಳಿಗೆ ಸುಲಿದಿದೆ, ಥೇಟ್ ಅವ್ವನ ಬೆರಳು, ಬೆಳಿಗ್ಗೆ ಆರಕ್ಕೆ ಬೆಟಗೇರಿಯ ಮನೆಯ ಒಲೆಯ ಮುಂದೆ ಕೂತು ಅವ್ವ ಅದೇ ಹೆಬ್ಬೆರಳನ್ನೂ ತೋರುಬೆರಳನ್ನೂ ಫೋನಿನ ಗಾಜಿನ ಮೇಲೆ ಕೂಡಿಸಿ — ಚಿಟಕ್. ಶಬ್ದ ಬಂದದ್ದು ಫೋನಿನೊಳಗಿಂದ. ಯಾವುದೋ ದೇಶದಲ್ಲಿ ಕೂತು ಆಟ ಮಾಡಿದವರಿಗೆ ಕಡಲೆ ಕುಡಿ ಮುರಿಯುವ ಶಬ್ದ ಹೇಗೆ ಗೊತ್ತಾಯಿತೋ ಶಿವನೇ ಬಲ್ಲ. ಹಕ್ಕರಿಕಿಯ ತಲೆಯ ಮೇಲಿನ ಕುಡಿ ಹೋಯಿತು, ಇವತ್ತು, ಇಪ್ಪತ್ತೆಂಟನೆಯ ದಿನ, ಹೂ ಬಿಡಬೇಕಿದ್ದ ದಿನ, ಅವ್ವ ಫೋನನ್ನು ಅವನತ್ತ ತಿರುಗಿಸಿ ಹೆಮ್ಮೆಯಿಂದ ನಕ್ಕಳು, ನೋಡೋ ಅಂಬ್ರೀಶಾ, ಇವತ್ತಿಗಿ ಇಪ್ಪತ್ತೆಂಟು ಕುಡಿ ಆದ್ವು, ಬುಟ್ಟಿ ತುಂಬೇತಿ.

ಹಕ್ಕರಿಕಿ ಎಂದರೆ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪಲ್ಲ, ಸೊಪ್ಪಾಗಿದ್ದರೆ ತಿಂದು ನೀರು ಕುಡಿದು ಸುಮ್ಮನಿರಬಹುದಿತ್ತು, ಅದು ಮಗಳು ಸಪ್ನಾಳ ಫೋನಿನ ಆಟದೊಳಗಿನ ಪ್ರಾಣಿ, ಬದನೆಕಾಯಿಗೆ ನಾಲ್ಕು ಕಾಲು, ಎರಡು ಕಪ್ಪೆಗಣ್ಣು ಹಚ್ಚಿದ ಹಾಗಿದೆ, ನೆತ್ತಿಯ ಮೇಲೊಂದು ಕುಡಿ, ಹೆಸರು ಮಾತ್ರ ಅವಳೇ ಇಟ್ಟದ್ದು, ಆಟದ ತುಂಬ ಇಂಥ ವಿಚಿತ್ರ ಪ್ರಾಣಿಗಳು, ಹಿಡಿಯಬೇಕು, ಸಾಕಬೇಕು, ಇನ್ನೊಬ್ಬರ ಪ್ರಾಣಿಯ ಮೇಲೆ ಬಿಟ್ಟು ಕಾದಿಸಬೇಕು, ಬೆಂಕಿ ಜಾತಿ, ನೀರು ಜಾತಿ, ಹುಲ್ಲು ಜಾತಿ, ಓಣಿಯ ಮಕ್ಕಳೆಲ್ಲ ಬೆಂಕಿಯದನ್ನೇ ಹಿಡಿದರೆ ಇವಳಿಗೆ ಹುಲ್ಲೇ ಬೇಕಾಯಿತು, ಬಿಂಕದಕಟ್ಟಿಯ ಝೂಗೆ ಹುಲಿ ತೋರಿಸಲು ಕರೆದೊಯ್ದರೆ ಹುಲಿಗೆ ಬೆನ್ನು ಹಾಕಿ ಕಟ್ಟೆಯ ಪಕ್ಕದ ಹುಲ್ಲಿನ ಮೇಲೆ ಫೋನು ಹಿಡಿದು ಕೂತಳು, ಅಪ್ಪಾ ಸಿಕ್ತು, ಏನು ಸಿಕ್ತಬೇ, ಹುಲ್ಲು, ಟಿಕೆಟ್ ತೆಗೆದು ಒಳಗೆ ಬಂದು ಹುಲ್ಲು ಹಿಡಿದವಳು ಗದಗ ಜಿಲ್ಲೆಯಲ್ಲಿ ಇವಳೊಬ್ಬಳೇ ಇರಬೇಕು, ಆಗ ನಕ್ಕಿದ್ದ ಅವನು, ಆಗೆಲ್ಲ ನಗುವಿತ್ತು ಮನೆಯಲ್ಲಿ, ಆಮೇಲೆ ಐದನೆಯ ತರಗತಿ ಮುಗಿಯಿತು, ವಸತಿ ಶಾಲೆಯ ಪರೀಕ್ಷೆ ಬರೆಸಿದ, ಪಾಸಾದಳು, ಮುಂಡರಗಿಯಲ್ಲಿ ಸೀಟು ಸಿಕ್ಕಿತು, ಮಾಸ್ತರು ಬೆನ್ನು ತಟ್ಟಿದರು, ಬೆಳೆಯ ಸಿರಿ ಮೊಳಕೆಯಲ್ಲಿ ನೋಡ್ರಿ, ಹೌದ್ರಿ ಸರ, ಜೂನಿನಲ್ಲಿ ಪೆಟ್ಟಿಗೆ ಸಮೇತ ಬಿಟ್ಟು ಬಂದ, ಫೋನು ಹಾಸ್ಟೆಲಿಗೆ ನಡೆಯುವುದಿಲ್ಲ ಎಂದು ವಾಪಸು ಕೊಟ್ಟರು, ಅವತ್ತಿನಿಂದ ಅವಳು ಅವನೊಡನೆ ಮಾತು ಬಿಟ್ಟಳು. ಲಕ್ಷ್ಮೇಶ್ವರ, ಲಕ್ಷ್ಮೇಶ್ವರ, ಇಳೀರಿ ಜಲ್ದಿ, ಮುದುಕಿ ಗಂಟು ಎತ್ತಿಕೊಂಡು ಇಳಿದಳು, ವಾಸನೆ ಇಳಿಯಲಿಲ್ಲ.

ಡಿಪೋದಲ್ಲಿ ಕೈಮುಗಿದು ಈ ರೂಟು ಬೇಡಿ ತೆಗೆದುಕೊಂಡಿದ್ದ, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಅಲ್ಲಿಂದ ಡಂಬಳದ ಮೇಲೆ ಹಾಯ್ದು ವಾಪಸು ಗದಗ, ದಿನಾ ಆ ಶಾಲೆಯ ಗೋಡೆ ಹಾದು ಹೋಗುತ್ತಾನೆ, ದಿನಾ ಕತ್ತು ಹೊರಳಿಸುತ್ತಾನೆ, ಕಾಣುವುದು ಒಣಹಾಕಿದ ಬಟ್ಟೆ, ಭೇಟಿ ಮಾತ್ರ ತಿಂಗಳ ಕೊನೆಯ ರವಿವಾರ, ಆ ರವಿವಾರಗಳಲ್ಲೂ ಜೂನಿನಿಂದ ಅಕ್ಟೋಬರ್‌ವರೆಗೆ ಅವಳು ಬಂದು ಗೇಟಿನ ಕಟ್ಟೆಯ ಮೇಲೆ ಕೂತು ತನ್ನ ಚಪ್ಪಲಿ ನೋಡುತ್ತಿದ್ದಳು, ಊಟ ಹೆಂಗೈತಿ, ಆರಾಮ ಅದಿಯಿಲ್ಲೋ ಎಂದು ಅವನು ಕೇಳುತ್ತಿರುವಾಗಲೇ ಚುರಮರಿ ಚೀಲ ಇಸಿದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು, ನವೆಂಬರಿನ ಕೊನೆಯ ರವಿವಾರ ಬಾಯಿ ಬಿಟ್ಟಳು, ಹಕ್ಕರಿಕಿ ಹೆಂಗೈತಿ. ಚಲೋ ಐತವ್ವಾ ಎಂದ ಅವನು. ಐದು ತಿಂಗಳು ಆ ಫೋನು ಟ್ರಂಕಿನಲ್ಲಿ ಬಿದ್ದಿತ್ತು. ಅವಳಿಗೆ ಅದು ಮುಖದಲ್ಲೇ ಗೊತ್ತಾಯಿತು, ಸುಳ್ಳು ಹೇಳಬ್ಯಾಡ, ಈಗ ಶುರು ಮಾಡು, ದಿನಾ ಬಿಸಿಲು ಕುಡಸು, ದಿನಾ ನೀರು ಕೊಡು, ಒಂದು ದಿನಾ ತಪ್ಪಬಾರ್ದು, ನಾಲ್ಕು ವಾರಕ್ಕ ಕುಡಿ ಬೆಳದು ಹೂ ಬಿಡತೈತಿ, ಹೂ ಬಿಟ್ರ ತಂದು ತೋರ್ಸು, ನಾ ಇಲ್ಲೇ ಇರ್ತೀನಿ, ಪಿಟ್ಟಂತ ಅನ್ನಂಗಿಲ್ಲ, ಬಿಡಲಿಲ್ಲಂದ್ರ ನನ್ನ ಮನಿಗಿ ಕರ್ಕೊಂಡು ಹೋಗು, ಮತ್ತ ಕಳಸಂಗಿಲ್ಲ, ಆತು? ಆತು. ಆತಂದ್ರ ಆತು? ಆತವ್ವಾ ಮಾರಾಯ್ತಿ. ಐದು ತಿಂಗಳ ಮೇಲೆ ಮಗಳು ಮಾತಾಡಿದರೆ ಯಾವ ಅಪ್ಪ ಕರಾರು ಓದಿ ಸಹಿ ಹಾಕುತ್ತಾನೆ, ಮನೆಗೆ ಬಂದು ಹೇಳಿದರೆ ಶಾಂಭವಿ ಅಂಗನವಾಡಿಯ ರಜಿಸ್ಟರಿನಿಂದ ತಲೆ ಎತ್ತಿ ಗಂಡನನ್ನೇ ಒಂದು ಗಳಿಗೆ ನೋಡಿದಳು, ಆಟದ ಮ್ಯಾಲ ಮಗಳ ಸಾಲಿ ಪಣಕ್ಕ ಇಡ್ತಾರೇನ್ರೀ ಯಾರರ, ಇಟ್ಟಾಗಿತ್ತು.

ಹುಲ್ಲು ಬೆಳೆಸುವುದು ಏನು ದೊಡ್ಡ ಮಾತು ಎಂದುಕೊಂಡಿದ್ದ, ಕುರ್ತಕೋಟಿಯ ಎರೆಭೂಮಿಯಲ್ಲಿ ಹುಟ್ಟಿದವನು, ಅಲ್ಲಿ ಹುಲ್ಲನ್ನು ಬೆಳೆಸುವುದಲ್ಲ, ಬೆಳೆಯದ ಹಾಗೆ ನೋಡಿಕೊಳ್ಳುವುದೇ ಜನ್ಮದ ಕೆಲಸ, ಆದರೆ ಈ ಹುಲ್ಲು ಹುಲ್ಲಲ್ಲ, ಇದು ಮನೆಗೆ ಬಂದ ಹೊಸ ಅಳಿಯ, ಹಗಲು ಹತ್ತರಿಂದ ನಾಲ್ಕರ ಒಳಗೆ ಆಟ ತೆರೆದಿಟ್ಟರೆ ಮಾತ್ರ ಬಿಸಿಲು ಕುಡಿಯುತ್ತದೆ, ಹೊತ್ತು ಮುಳುಗಿತೋ ಎಲೆ ಹೊದ್ದು ಮಲಗಿಬಿಡುತ್ತದೆ, ಎಬ್ಬಿಸಿದರೆ ಸಿಟ್ಟು, ನೀರು ಜಾಸ್ತಿಯಾದರೆ ಬೇರು ಕೊಳೆಯಿತು ಎಂದು ಅಳುಮುಖ, ವಾರದ ರಜೆಯ ದಿನ ಕಾದಾಟಕ್ಕೆ ಬಿಟ್ಟರೆ ಬೆಂಕಿ ಜಾತಿಯ ಕೋಳಿ ಒಂದೇ ಉಸಿರಿಗೆ ಸುಟ್ಟಿತು, ರೆಕ್ಕೆಯದು ಬಂದು ಕುಕ್ಕಿತು, ಹುಳದ ಜಾತಿಯದು ಅಂಚಿನಿಂದ ತಿಂದಿತು, ಮಂಜಿನದು ಬಂದು ಬರೀ ಊದಿತು ಅಷ್ಟೇ, ಅದಕ್ಕೂ ಬಿದ್ದಿತು, ಈ ಲೋಕದಲ್ಲಿ ಹುಲ್ಲಿಗೆ ಸೋಲದೆ ಇರುವುದಕ್ಕೆ ಜಾಗವೇ ಇಲ್ಲವೇ ಮಾರಾಯಾ, ಅದರ ವರಸೆಯಾದರೂ ಏನು, ಕೂತಲ್ಲಿ ಬೇರು ಬಿಡುವುದು, ಎದುರಿನವನ ಬಲವನ್ನು ಚೂರು ಚೂರೇ ಹೀರುವುದು, ಹೀರಿ ಮುಗಿಸುವುದರೊಳಗೆ ಅವನು ನಾಲ್ಕು ಬಾರಿಸಿರುತ್ತಾನೆ, ಅಯ್ಯೋ ಏಳಲೇ, ಎದ್ದು ಒಂದು ಕೊಡಲೇ ಎಂದು ಅವನು ಹಾಸಿಗೆಯ ಮೇಲೆ ಕೂತು ಕೂಗಿದರೆ ಶಾಂಭವಿ ಬಾಗಿಲಿಗೆ ಬಂದು ನಿಂತಳು, ಯಾರಿಗ್ರಿ ಅದು, ಹುಲ್ಲಿಗೆ. ಒಂದೇ ಒಂದು ಸಲ ಗೆದ್ದಿತು, ನೀರಿನ ಏಡಿಯೊಂದರ ಮೇಲೆ, ಬೇರು ಬಿಟ್ಟು ಹೀರಿ ಹೀರಿ ಏಡಿ ಮಗುಚಿಕೊಂಡಿತು, ಹಕ್ಕರಿಕಿ ಎರಡು ಕಾಲೆತ್ತಿ ಕುಣಿಯಿತು, ಅವನು ಪಕ್ಕಕ್ಕೆ ತಿರುಗಿ ನೋಡಿದ್ದ, ಅಲ್ಲಿ ಸಪ್ನಾ ಇರಬೇಕಿತ್ತು, ಇರಲಿಲ್ಲ. ಏನ್ರೀ ಸಾಹೇಬ್ರ, ಹುಲ್ಲಿಗಿ ನೀರು ಹಾಕಿದ್ರ್ಯಾ ಇವತ್ತ, ಡ್ರೈವರ್ ತೌಹೀದ ಕನ್ನಡಿಯಲ್ಲಿ ನಗುತ್ತಿದ್ದಾನೆ, ದಿನಾ ಇದೇ ಮಾತು, ದಿನಾ ನಗುತ್ತಿದ್ದ ಅಂಬರೀಶ ಇವತ್ತು ತಲೆ ತಗ್ಗಿಸಿ ನೋಟು ಎಣಿಸತೊಡಗಿದ, ತೌಹೀದ ಹಾರ್ನು ಒತ್ತಿದ.

ಶಿರಹಟ್ಟಿ ಬಂತು, ಹೋಯಿತು, ಸೀಟಿನಿಂದ ಸೀಟಿಗೆ, ಮುಂಡರಗಿ ಎರಡು, ಆಧಾರ ಐತ್ರೆಲ್ಲಾ, ಚಿಲ್ಲರ ಕೊಡ್ರಿ, ಅವ್ವನ ಮೇಲಿನ ಸಿಟ್ಟು ಮಾತ್ರ ಇಳಿಯದೆ ಅವನ ಜೊತೆಗೇ ಪ್ರಯಾಣ ಮಾಡುತ್ತಿದೆ, ಡ್ಯೂಟಿಯ ಮೇಲೆ ಆಟದ ಫೋನು ಹಿಡಿದು ನಿಂತರೆ ಚೆಕಿಂಗಿನವರು ಬಿಡುತ್ತಾರೆಯೇ, ಅದಕ್ಕೇ ಅವ್ವನ ಕೈಗೆ ಕೊಟ್ಟಿದ್ದ, ಕಲಿಸಿದ್ದ, ಇಲ್ಲಿ ಒತ್ತಿದ್ರ ನೀರು, ಹೊರಗಿಟ್ರ ಬಿಸಿಲು, ಅಷ್ಟೇ ಬೇ, ಅವ್ವ ಕರೆವ್ವ ಬಲು ಶ್ರದ್ಧೆಯ ಹೆಣ್ಣುಮಗಳು, ಕುಡಿ ಚಿವುಟುವ ಸುಗ್ಗಿಗೆ ಟೆಂಪೋ ಹತ್ತಿ ಕುರ್ತಕೋಟಿಗೆ ಹೋದಾಗಲೂ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು, ಬದುವಿನ ಮೇಲೆ ಬಿಸಿಲಿಗೆ ಇಟ್ಟಳು, ಅದರ ಮಗ್ಗುಲಲ್ಲಿ ಬಗ್ಗಿ ಸಾಲು ಹಿಡಿದು ಚಿವುಟಿದಳು, ಕಡಲೆಗೆ ತಿಂಗಳಾದಾಗ ತುದಿ ಚಿವುಟಬೇಕು, ಚಿವುಟಿದರೆ ಪಕ್ಕಕ್ಕೆ ಟೊಂಗೆ ಒಡೆಯುತ್ತದೆ, ಗಿಡ ಹರಡುತ್ತದೆ, ಕಾಯಿ ಹೆಚ್ಚು, ಚಿವುಟದೆ ಬಿಟ್ಟರೆ ಒಂಟಿ ಕಡ್ಡಿಯಾಗಿ ಮೇಲಕ್ಕೆದ್ದು ನಿಲ್ಲುತ್ತದೆ, ಇದು ಅವ್ವನಿಗೆ ಅವಳ ಅವ್ವ ಹೇಳಿದ್ದು, ಅವನಿಗೂ ಗೊತ್ತಿದ್ದದ್ದು, ಆದರೆ ಫೋನಿನೊಳಗಿನ ಬದನೆಕಾಯಿಯ ನೆತ್ತಿಯನ್ನು ಯಾರಾದರೂ ಚಿವುಟುತ್ತಾರೆಯೇ, ದಿನ ಬೆಳಗಾದರೆ, ಎರಡು ಬೆರಳು ಕೂಡಿಸಿ, ಚಿಟಕ್, ಕಿತ್ತ ಕುಡಿ ಆಟದ ಬುಟ್ಟಿಗೆ ಬೀಳುತ್ತದೆ, ಗಾಯಗೊಂಡ ಪ್ರಾಣಿಗೆ ಔಷಧ ಅದು, ಕಿತ್ತ ಕೂಡಲೇ ಬೆಳವಣಿಗೆ ಮತ್ತೆ ಸೊನ್ನೆ, ರಾತ್ರಿ ಮನೆಗೆ ಬಂದು ನೋಡಿದರೆ ಅದು ಎಲೆ ಹೊದ್ದು ಮಲಗಿರುತ್ತಿತ್ತು, ರಜೆಯ ದಿನ ನೋಡಿದರೆ ಕುಡಿ ಗೇಣುದ್ದ ಇರಬೇಕಾದದ್ದು ಬೊಟ್ಟಿನಷ್ಟು, ನಿಧಾನದ ಜಾತಿ ಇರಬೇಕು ಎಂದುಕೊಂಡ ಪೆದ್ದ, ನಿನಗ ಯಾರು ಚೂಟಂದ್ರು, ಬೆಳಿಗ್ಗೆ ಕೂಗಾಡಿದ, ಒಂದು ತಿಂಗಳ ಕೆಲಸ ನೀರಾಗ ಹಾಕಿದಿ, ನಿನ್ನ ಕೈಗೆ ಕೊಟ್ಟಿದ್ದ ತಪ್ಪಾತು, ಫೋನು ಕಸಿದು ಜೇಬಿಗೆ ಹಾಕಿ, ಚಹಾದ ಬಟ್ಟಲು ಹಾಗೆಯೇ ಬಿಟ್ಟು ಗಾಡಿ ಒದ್ದು ಶುರು ಮಾಡಿದ, ಅವ್ವ ಹೊಸ್ತಿಲಲ್ಲಿ ನಿಂತು ಏನೋ ಅನ್ನುತ್ತಿದ್ದಳು, ಗಾಡಿಯ ಸದ್ದಿನಲ್ಲಿ ಕೇಳಲಿಲ್ಲ, ಕೇಳಿಸಿಕೊಳ್ಳಲಿಲ್ಲ, ತುಟಿಯಷ್ಟೇ ಕಂಡಿತು — ನೀನ ಅಂದ್ಯಲ್ಲೋ.

ನೀನ ಅಂದ್ಯಲ್ಲೋ, ತುಟಿ ಹಾಗೇ ಆಡಿದ್ದು, ಈಗ ನೆನಪಾಗುತ್ತಿದೆ, ನಾನು ಯಾವಾಗ ಅಂದೆ, ಸುಳ್ಳು, ಯಾವಾಗ — ಅಯ್ಯೋ, ಅವತ್ತು, ಡಿಸೆಂಬರಿನ ಮೊದಲ ದಿನ, ಫೋನು ಅವ್ವನ ಕೈಗೆ ಕೊಟ್ಟ ದಿನವೇ, ಡ್ಯೂಟಿ ಮುಗಿಸಿ ಬಂದು ಬಚ್ಚಲ ಕಟ್ಟೆಯ ಮೇಲೆ ಕೂತು ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದ, ಅವ್ವ ರೊಟ್ಟಿ ಬಡಿಯುತ್ತಾ ಒಳಗಿನಿಂದ ಕೂಗಿದಳು, ಕುಡಿ ಬಂದೈತೋ ಅಂಬ್ರೀಶಾ, ಚೂಟ್ಲ್ಯಾ? ಕುರ್ತಕೋಟಿಯ ಹೊಲದ ಮಾತು ಎಂದುಕೊಂಡ ಅವನು, ಬೇರೆ ಏನನ್ನು ಅಂದುಕೊಳ್ಳಬೇಕು ಮನುಷ್ಯ ಡಿಸೆಂಬರಿನಲ್ಲಿ, ಚೂಟಬೇ, ಅದನ್ನೇನ ನನ್ನ ಕೇಳ್ತಿ, ಹುಟ್ಟಿದಾಗಿಂದ ಚೂಟ್ಕೋತ ಬಂದಾಕಿ, ಹಂಗಲ್ಲಪಾ, ಹುಡುಗೀದು ಐತಿ, ಕೇಳಿ ಚೂಟೂದು ಚಲೋ, ಹುಡುಗೀದು ಎಂದಿದ್ದಳು, ಆ ಮಾತು ಕಿವಿಗೆ ಬಿದ್ದಿತ್ತು, ಬಿದ್ದದ್ದನ್ನು ಅವನು ಎತ್ತಿಕೊಳ್ಳಲಿಲ್ಲ, ಕಾಲು ನೋಯುತ್ತಿತ್ತು, ಹಸಿವಾಗಿತ್ತು, ಚೂಟ್ ಚೂಟ್, ಜಲ್ದಿ ರೊಟ್ಟಿ ಹಾಕು. ತಾನೇ ಕೋಲು ಕೊಟ್ಟು ತಾನೇ ಹೊಡೆಸಿಕೊಂಡ ಹಾಗಾಯಿತು. ಇಪ್ಪತ್ತೆಂಟು ದಿನ ಅವಳು ಮಗ ಹೇಳಿದ ಮಾತು ನಡೆಸಿದ್ದಾಳೆ, ಒಂದು ದಿನ ತಪ್ಪದೆ, ಅದಕ್ಕೆ ಬೆಳಿಗ್ಗೆ ಬೈಸಿಕೊಂಡು ತಣ್ಣಗಾದ ಚಹಾದ ಬಟ್ಟಲು ನೋಡುತ್ತಾ ನಿಂತಿದ್ದಾಳೆ, ಯಾರ ಮೇಲೆ ಸಿಟ್ಟಾಗಬೇಕು ಈಗ, ಸಿಟ್ಟಿಗೆ ಒಂದು ಸೀಟು ಬೇಕು, ಬಸ್ಸಿನಲ್ಲಿ ಇಷ್ಟು ಸೀಟುಗಳಿವೆ, ಅದಕ್ಕೆ ಕೂರಲು ಒಂದೂ ಇಲ್ಲ. ರೀ ಕಂಡಕ್ಟರ್, ನನ್ನ ಚಿಲ್ಲರ, ಕೊಡ್ತೀನ್ರೀ, ಓಡಿ ಹೋಗ್ತೀನೇನು, ಆ ಮನುಷ್ಯನ ಮೇಲೆ ರೇಗಿದ, ಪಾಪ ಅವನು ಐದು ರೂಪಾಯಿಗೆ ಬಾಯಿ ತೆರೆದಿದ್ದ.

ಸುಳ್ಳು ಹೇಳಬಹುದು, ಇವತ್ತು ಭೇಟಿಯ ರವಿವಾರ, ಮುಂಡರಗಿ ಇನ್ನು ಅರ್ಧ ತಾಸು, ನೆಟ್‌ವರ್ಕ್ ಇರಲಿಲ್ಲವ್ವಾ ಎನ್ನಬಹುದು, ಫೋನು ಕೆಟ್ಟಿತು ಎನ್ನಬಹುದು, ನಿಮ್ಮ ಅಜ್ಜಿ ಹಾಳು ಮಾಡಿದಳು ಎನ್ನಬಹುದು, ಅದು ಅರ್ಧ ಖರೆ, ಅರ್ಧ ಖರೆಯನ್ನು ಮಕ್ಕಳು ಬೇಗ ನಂಬುತ್ತಾರೆ, ಆಟ ಆಟವೇ, ಸಾಲಿ ಸಾಲಿಯೇ, ಹುಚ್ಚು ಹುಡುಗಿ ಒಳಗೆ ನಡಿ ಎಂದು ಗದರಿ ಬರಬಹುದು, ಅಪ್ಪ ಅನ್ನಿಸಿಕೊಂಡವನಿಗೆ ಅಷ್ಟು ಅಧಿಕಾರ ಇಲ್ಲವೇ, ದೀಪಾವಳಿಗೆಂದು ಎರಡು ದಿನದ ರಜೆ ಬರೆಸಿ ಮನೆಗೆ ಹೋದ ಇಬ್ಬರು ಹುಡುಗಿಯರು ಇನ್ನೂ ತಿರುಗಿ ಬಂದಿಲ್ಲ, ವಾರ್ಡನ್ ಮೇಡಂ ಹೇಳಿದ್ದರು, ಒಮ್ಮಿ ಹ್ವಾದ್ರ ಬರಂಗಿಲ್ರಿ ಇವು, ಇವಳೂ ಹೋದರೆ ಬರುವುದಿಲ್ಲ, ಅವನಿಗೆ ಗೊತ್ತು, ಓಣಿಯ ಸಾಲೆಗೆ ಹೋಗುತ್ತಾಳೆ, ಅಲ್ಲಿ ಹತ್ತನೆಯ ತರಗತಿ ಮುಗಿಸುವುದರೊಳಗೆ ಯಾರೋ ಒಂದು ಸಂಬಂಧ ತರುತ್ತಾರೆ, ಅವ್ವನ ಹಾಗೆ ಟೆಂಪೋ ಹತ್ತುತ್ತಾಳೆ, ಉಗುರು ಹಸಿರುಗಪ್ಪಾಗುತ್ತದೆ, ಅದು ಆಗಬಾರದೆಂದೇ ಅಲ್ಲವೇ ಇಷ್ಟೆಲ್ಲ, ಅವಳ ಸಲುವಾಗಿಯೇ, ಅವಳ ಒಳ್ಳೇದಕ್ಕೇ, ಚಿಟಕ್, ಇದೇನಿದು ಮತ್ತೆ ಆ ಶಬ್ದ, ಯಾರದೋ ಚೀಲದ ಗುಂಡಿ, ಮುಂಡರಗಿ, ಮುಂಡರಗಿ, ಇಳೀರಿ ಎಲ್ಲಾರೂ, ತೌಹೀದ, ಇಪ್ಪತ್ತು ನಿಮಿಷದಾಗ ಬಂದೆ, ಹೋಗಿ ಬರ್ರಿ, ನಾ ಚಹಾ ಕುಡದಿರ್ತೀನಿ.

ಗೇಟಿನ ಬಳಿ ಅವಳು ಆಗಲೇ ನಿಂತಿದ್ದಾಳೆ, ಪಕ್ಕದಲ್ಲಿ ಚೀಲ, ಚೀಲದ ಜಿಪ್ಪು ಹಾಕಿದೆ, ಮೇಲೆ ಮಡಚಿದ ಚಾದರ, ಫೋನು ನೋಡುವ ಮೊದಲೇ ಚೀಲ ಕಟ್ಟಿದ್ದಾಳೆ, ಹೂ ಬಿಡುತ್ತದೆಂದು ಇವಳು ಒಂದು ದಿನವೂ ನಂಬಿರಲಿಲ್ಲ, ಅದು ಅವನ ಎದೆಗೆ ಸರಿಯಾಗಿ ಬಡಿಯಿತು, ಹೇಳಬೇಕೆಂದು ಜೋಡಿಸಿಕೊಂಡಿದ್ದ ಮೂರೂ ಸುಳ್ಳು ಅಲ್ಲೇ ಉದುರಿದವು, ಅವಳು ಕೈ ಚಾಚಿದಳು, ಫೋನು ಕೊಟ್ಟ, ತೆರೆದಳು, ಹಕ್ಕರಿಕಿಯನ್ನು ನೋಡಿದಳು, ಬೋಳು ನೆತ್ತಿ, ಬುಟ್ಟಿ ತೆರೆದಳು, ಇಪ್ಪತ್ತೆಂಟು, ತುಟಿಯಲ್ಲೇ ಎಣಿಸಿದಳು, ಯಾರು ಚೂಟಿದ್ರು, ಅಜ್ಜಿ, ಆಕಿಗೆ ಯಾರು ಚೂಟಂದ್ರು, ನಾ ಅಂದೆ, ಯಾಕ? ಕಡ್ಲಿ ಅಂದ್ಕೊಂಡಿದ್ದೆ ಎಂದು ಹೇಳಲು ಹೋದ, ಬಿಟ್ಟ, ಹರಡತೈತಿ ಅಂತ ಚೂಟತಾರವ್ವಾ, ಚಲೋ ಆಗ್ಲಿ ಅಂತ. ಅವಳು ತಲೆ ಎತ್ತಲಿಲ್ಲ. ಹರಡ್ತಾ? ಇಲ್ಲ. ಒಂದು ಹುಲ್ಲು ಬೆಳಸಾಕ ಬರಲಿಲ್ಲಲ್ಲಪಾ ನಿಮಗ ಎಂದಳು, ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಜಗಳವಾಡಬಹುದಿತ್ತು, ದಣಿದ ದೊಡ್ಡವರ ದನಿ, ಹನ್ನೊಂದು ವರ್ಷದ ಬಾಯಿಗೆ ಎಲ್ಲಿಂದ ಬಂತು ಆ ದನಿ, ಆರು ತಿಂಗಳಲ್ಲಿ. ಸಪ್ನಾ, ಒಂದು ವರ್ಷ ನೋಡವ್ವಾ. ನೀ ಮಾತು ಕೊಟ್ಟಿ. ಕೊಟ್ಟೀನಿ. ಮತ್ತ? ವಾರ್ಡನ್ ಪುಸ್ತಕ ಮುಂದೆ ಇಟ್ಟರು, ಎರಡ ದಿನಾನ್ರೀ, ಹೌದ್ರಿ ಮೇಡಂ ಎರಡ ದಿನ, ಅವನು ಸಹಿ ಹಾಕಿದ, ಮೇಡಂ ಅವನ ಮುಖ ನೋಡಿ ಪುಸ್ತಕ ಮುಚ್ಚಿದರು.

ಬಸ್ಸು ತುಂಬುತ್ತಿದೆ, ಡಂಬಳದವರು, ಗದಗಿನವರು, ಮದುವೆ ಮುಗಿಸಿ ಬಂದವರು, ಅವಳು ಮೂರನೆಯ ಸಾಲಿನ ಕಿಟಕಿಗೆ ಕೂತಿದ್ದಾಳೆ, ತೊಡೆಯ ಮೇಲೆ ಚೀಲ, ತೌಹೀದ ಹಿಂದಿರುಗಿ ನೋಡಿ, ಅರೆ ಬೇಟಿ ಬಂದ್ಯಾ, ರಜಾ ಏನು, ಅವಳು ತಲೆಯಾಡಿಸಿದಳು, ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ, ಅಂಬರೀಶ ಹಿಂದಿನಿಂದ ಶುರು ಮಾಡಿದ, ಎಂದೂ ಮುಂದಿನಿಂದ ಶುರು ಮಾಡುವವನು, ಡಂಬಳ ಒಂದು, ಗದಗ ಮೂರು, ಗದಗ ಒಂದು, ಮಗಳನ್ನು ಇನ್ನೂ ಕೆಳಗಿಳಿಸಬಹುದು, ಬಸ್ಸು ಬಿಟ್ಟಿಲ್ಲ, ಇಳಿ ಎಂದರೆ ಇಳಿದಾಳು, ಇಳಿದು ಮತ್ತೆ ಐದು ತಿಂಗಳು ಚಪ್ಪಲಿ ನೋಡಿಕೊಂಡು ಕೂತಾಳು, ಕರೆದುಕೊಂಡು ಹೋದರೆ ಮಾತಾಡುತ್ತಾಳೆ, ಮನೆಯಲ್ಲಿ ನಗು ಬರುತ್ತದೆ, ಓದು ಹೋಗುತ್ತದೆ, ಬಿಟ್ಟು ಹೋದರೆ ಓದು ಉಳಿಯುತ್ತದೆ, ಮಗಳು ಹೋಗುತ್ತಾಳೆ, ಎತ್ತ ಹೊರಳಿದರೂ ಒಂದು ತುದಿ ಮುರಿಯುತ್ತದೆ, ಯಾರಾದರೂ ಬಂದು ಇದನ್ನಾದರೂ ಸರಿಯಾಗಿ ಕಲಿಸಿಕೊಡಬಾರದೇ, ಇಲ್ಲಿ ಒತ್ತಿದರೆ ನೀರು, ಇಲ್ಲಿ ಇಟ್ಟರೆ ಬಿಸಿಲು ಎಂದು, ರೈಟ್ ಹೇಳ್ರಿ ಸಾಹೇಬ್ರ, ತಡಿ ತೌಹೀದ, ಒಂದು ಟಿಕೆಟ್ ಐತಿ, ಮೂರನೆಯ ಸಾಲು. ಆಧಾರ ಕಾರ್ಡು ಹಿಡಿದು ಅವಳು ಆಗಲೇ ಕೈ ಮುಂದೆ ಮಾಡಿದ್ದಾಳೆ, ಎಲ್ಲರ ಹಾಗೆ, ಕಾರ್ಡಿನಲ್ಲಿ ಐದು ವರ್ಷದ ಮುಖ, ಹಲ್ಲಿಲ್ಲ, ನಗುತ್ತಿದೆ, ಎಲ್ಲಿಗಿ, ಕೇಳಲೇಬೇಕಾಗಿತ್ತೇ ಅವನು, ಹನ್ನೆರಡು ವರ್ಷದ ಸರ್ವಿಸಿನ ಬಾಯಿ, ತಾನೇ ಕೇಳಿತು, ಗದಗ ಎಂದಳು, ಮಷಿನಿನ ಮೇಲೆ ಅವನ ಹೆಬ್ಬೆರಳು, ಮುಂಡರಗಿ ಗದಗ, ಹೆಣ್ಣು, ಒಂದು, ಸೊನ್ನೆ ರೂಪಾಯಿ, ಇನ್ನು ಒಂದೇ ಗುಂಡಿ, ಒತ್ತಪಾ, ಬಸ್ಸು ಬಿಡಲಿ ಅಂತ ಮಂದಿ ಕಾಯಾಕತ್ತಾರ, ಒತ್ತಿದ, ಕಿರ್ರ್ ಎಂದು ಕಾಗದ ಮೇಲೆದ್ದಿತು, ಬೆರಳುದ್ದ, ಹರಿದು ಕೊಡಬೇಕು, ಕೈ ಏಳಲಿಲ್ಲ, ಕೊನೆಗೆ ಅವಳೇ ಬಗ್ಗಿದಳು, ಹೆಬ್ಬೆರಳು, ತೋರುಬೆರಳು, ಎಳೆಯ ಬೆಳ್ಳನೆಯ ಉಗುರು, ಎರಡು ಬೆರಳು ಕೂಡಿದವು, ಆ ಉಗುರು, ಆ ಎರಡು ಬೆರಳು — ಚಿಟಕ್.